ಬಾಲ ಕತ್ತರಿಸಿದ ಜೈರೋಕಾಪ್ಟರ್

ಜೈರೋಕಾಪ್ಟರ್ ಎಂಬ ಪುಟ್ಟ ಹಾರುಯಂತ್ರದ ಮಾತು ಬಂದು, "ಸುರಕ್ಷತೆ ಹೆಚ್ಚಿದಷ್ಟೂ ಮಜಾ ಕಡಿಮೆಯಾಗುತ್ತದೆ" ಎಂದು ಗುಂಡಣ್ಣ ಘೋಷಿಸಿದಾಗ, ಮೇಷ್ಟ್ರು ಲೋಟವನ್ನು ಕೆಳಗಿಟ್ಟು, ಅಂಗಳದಲ್ಲಿ ಬಿದ್ದಿದ್ದ ಮಹಾಗನಿ ಬೀಜವೊಂದನ್ನು ಮೇಲಕ್ಕೆ ತೂರಿದರು. ಅದು ಗಿರ್ರನೆ ತಿರುಗುತ್ತ ಸಾವಕಾಶವಾಗಿ ಇಳಿಯಿತು.

"ಜೈರೋಕಾಪ್ಟರಿನ ರೋಟರ್, ಅಂದರೆ ತಲೆಯ ಮೇಲೆ ತಿರುಗುವ ರೆಕ್ಕೆ, ಕೂಡ ಹಾರುವಾಗ ಹೀಗೆ ಗಾಳಿಯಿಂದಲೇ ತಿರುಗುತ್ತದೆ; ಎಂಜಿನ್ ಪ್ರೊಪೆಲರನ್ನಷ್ಟೇ ತಿರುಗಿಸುತ್ತದೆ. ತನ್ನ ವಿಮಾನವೊಂದು ವೇಗ ಕಳೆದುಕೊಂಡು ಬಿದ್ದ ಮೇಲೆ, ಸ್ಪೇನಿನ ಹುವಾನ್ ದೆ ಲಾ ಸಿಯೆರ್ವ 1923ರಲ್ಲಿ ಇದನ್ನು ಹಾರಿಸಿ ತೋರಿಸಿದ್ದೇ ಸುರಕ್ಷತೆಗಾಗಿ. ಕೊಳವೆಗಳ ಚೌಕಟ್ಟಿಗೆ ಒಂದು ಕುರ್ಚಿ, ಬೆನ್ನ ಹಿಂದೊಂದು ಎಂಜಿನ್ ಸಿಕ್ಕಿಸಿ, ಮನೆಯಲ್ಲೇ ಕಟ್ಟಿಕೊಳ್ಳುವ ಮಜಾದ ಸರಕನ್ನಾಗಿ ಮಾಡಿದವರು 1950ರ ದಶಕದಲ್ಲಿ ಅಮೆರಿಕದ ಇಗೊರ್ ಬೆನ್ಸೆನ್."

"ಅಷ್ಟು ಸುರಕ್ಷಿತವಾಗಿದ್ದರೆ ಅದನ್ನು ಹಾರಿಸಲು ಹೋಗಿ ಜನ ಸತ್ತದ್ದೇಕೆ?" ಎಂದು ಗುಂಡಣ್ಣ ಕೇಳಿದನು.

ಮೇಷ್ಟ್ರು ಉತ್ತರಕ್ಕಾಗಿ ನನ್ನ ತರಕಾರಿ ಚೀಲವನ್ನು ಕಸಿದುಕೊಂಡರು. ಬೆರಳಿಗೆ ನೇತುಹಾಕಿ ಅದರ ಮೇಲ್ಭಾಗವನ್ನು ತಳ್ಳಿದಾಗ ಚೀಲ ಸುಮ್ಮನೆ ತೂಗಿತು. ತಳ್ಳುತ್ತಲೇ ಹಿಡಿಕೆಯನ್ನು ಬಿಟ್ಟಾಗ ಮುಗ್ಗರಿಸಿ, ಸೌತೆಕಾಯಿಯೊಂದು ಗುಂಡಣ್ಣನ ಪಾದದ ಮೇಲೆ ಬಿತ್ತು. ದೊಡ್ಡ ಪ್ರೊಪೆಲರಿಗೆ ಜಾಗ ಬೇಕೆಂದು ಎಂಜಿನ್ನನ್ನು ಎತ್ತರಕ್ಕೆ ಕೂರಿಸಿದರೆ, ಅದರ ನೂಕು ಗುರುತ್ವ ಕೇಂದ್ರಕ್ಕಿಂತ ಮೇಲಕ್ಕೆ ಬೀಳುತ್ತದೆಯೆಂದೂ, ಸವಾರ ಉತ್ಸಾಹದಿಂದ ನಿಯಂತ್ರಣದ ಕೋಲನ್ನು ಮುಂದಕ್ಕೆ ತಳ್ಳಿ, ರೋಟರ್ ಹೊತ್ತಿದ್ದ ಭಾರವನ್ನು ಇಳಿಸಿದ ಕ್ಷಣದಲ್ಲಿ ಇಡೀ ಯಂತ್ರ ಸೌತೆಕಾಯಿಯ ಗತಿ ಕಾಣುತ್ತದೆಯೆಂದೂ ಅವರು ವಿವರಿಸಿದರು. ಇದನ್ನು ತಡೆಯಲು ಹಿಂಬದಿಯಲ್ಲಿ ಹಾಸಿದಂತಿರುವ ಒಂದು ಬಾಲದ ಹಲಗೆ ಬಹುಮಟ್ಟಿಗೆ ನೆರವಾಗುತ್ತದೆ. ಎಂಜಿನ್ನನ್ನು ಕೆಳಗಿಳಿಸಿದರೆ ಇನ್ನೂ ಒಳ್ಳೆಯದು.

"ಆ ಹಲಗೆಯನ್ನೇ ಎಷ್ಟೋ ಮಂದಿ ಕಿತ್ತುಹಾಕಿದ್ದರು" ಎಂದರು ಮೇಷ್ಟ್ರು, ಮಕ್ಕಳ ಉತ್ತರಪತ್ರಿಕೆಯನ್ನು ನೋಡುವ ಮುಖ ಮಾಡಿ.

ಅಮೆರಿಕದಲ್ಲಿ ಲೈಸೆನ್ಸ್ ಇಲ್ಲದೆ ಹಾರಿಸುವ ಒಂಟಿ ಆಸನದ ಯಂತ್ರ ಖಾಲಿಯಿದ್ದಾಗ 254 ಪೌಂಡ್, ಅಂದರೆ ಸುಮಾರು 115 ಕಿಲೋ ಮೀರುವಂತಿಲ್ಲ. ಇಲ್ಲಿ ಒಂದು ತಮಾಷೆಯಿದೆ: ಆಪತ್ತಿನಲ್ಲಿ ಬಿಚ್ಚಿಕೊಳ್ಳುವ ಪ್ಯಾರಾಚೂಟಿನ ತೂಕವನ್ನು ಆ ಲೆಕ್ಕದಿಂದ ಬಿಡುತ್ತಾರೆ, ಬಾಲದ ಹಲಗೆಯ ತೂಕವನ್ನು ಬಿಡುವುದಿಲ್ಲ.

"ತಲೆಯ ಮೇಲೆ ರೋಟರ್ ಸುತ್ತುತ್ತಿರುವಾಗ ಪ್ಯಾರಾಚೂಟನ್ನು ಎಲ್ಲಿಂದ ಬಿಡುತ್ತಾರೆ?" ಎಂದು ನಾನು ಕೇಳಿದೆ. ಮೇಷ್ಟ್ರು ಕೇಳಿಸದವರಂತೆ ಕಾಫಿ ಹೀರಿದರು. ನನಗನ್ನಿಸುವಂತೆ, ಮಜಾ ಇರುವುದು ಮುಖಕ್ಕೆ ಬಡಿಯುವ ಗಾಳಿಯಲ್ಲಿ, ಕಾಲ ಕೆಳಗೆ ಏನೂ ಇಲ್ಲದ ಆ ಕುರ್ಚಿಯಲ್ಲಿ. ಬೆನ್ನ ಹಿಂದಿನ ಹಲಗೆಯನ್ನು ಸವಾರ ನೋಡುವುದೂ ಇಲ್ಲ.

"ಆ 115 ಕಿಲೋದಲ್ಲಿ ಸವಾರನ ತೂಕ ಸೇರುವುದಿಲ್ಲವಷ್ಟೆ?" ಎಂದು ಗುಂಡಣ್ಣ ಹೊಟ್ಟೆ ಸವರಿಕೊಂಡನು.

"ನಿಯಮ ಸೇರಿಸುವುದಿಲ್ಲ, ರೋಟರ್ ಸೇರಿಸಿಕೊಳ್ಳುತ್ತದೆ" ಎಂದು ಮೇಷ್ಟ್ರು ಹೇಳಿದ ಮೇಲೆ, ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಅಂಬೊಡೆಯನ್ನು ಅವನು ನನ್ನ ಕಡೆಗೆ ಸರಿಸಿದನು.