ಹೊಸ ಸಿಲಿಂಡರ್ ಹಾಕಿದ ಮೇಲೆ ಗ್ರಿಲ್‌ನಲ್ಲಿ ಉರಿ ಏರುತ್ತಿಲ್ಲ

ಬಿಸಿಬಿಸಿ:
ಮೂರು ಬರ್ನರ್‌ನ ಗ್ಯಾಸ್ ಬಾರ್ಬೆಕ್ಯೂ ಗ್ರಿಲ್. ಸಿಲಿಂಡರ್ ತುಂಬಿದೆ. ನಾಬ್ ಪೂರ್ತಿ ತಿರುಗಿಸಿದರೂ ಉರಿ ಸಣ್ಣದೇ. ಮುಚ್ಚಳದ ಥರ್ಮಾಮೀಟರ್ 120 ಡಿಗ್ರಿ ಸೆಲ್ಸಿಯಸ್ ದಾಟುತ್ತಿಲ್ಲ. ಹಳೇ ಸಿಲಿಂಡರ್ ಇದ್ದಾಗ ಚೆನ್ನಾಗಿತ್ತು. ಗಾಳಿ ಜಾಸ್ತಿ ಅಂತ ಹೀಗಾ? ಕಾರ್ ಶೆಡ್ಡಿನೊಳಗೆ ಇಟ್ಟು ನೋಡಲಾ?

ಕೆಂಡದುಂಡೆ:
ಶೆಡ್ಡಿನೊಳಗೆ ಬೇಡವೇ ಬೇಡ. ಬಾಗಿಲು ತೆರೆದಿಟ್ಟರೂ ಬೇಡ. ಗ್ರಿಲ್‌ನಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿದ್ದು ಗೊತ್ತಾಗುವಷ್ಟರಲ್ಲಿ ಎದ್ದು ಹೊರಗೆ ಬರುವ ಶಕ್ತಿಯೇ ಇರದಿರಬಹುದು. ಬಯಲಲ್ಲೇ ಇಡಿ, ಗೋಡೆ, ಸೂರಿನಿಂದ ಮೂರು ಮೀಟರ್ ದೂರ.

ಉರಿ ಸಣ್ಣದಾಗಿದ್ದು ರೆಗ್ಯುಲೇಟರ್‌ನಿಂದ ಅಂತ ನನ್ನ ಅನುಮಾನ. ಸಿಲಿಂಡರ್ ವಾಲ್ವನ್ನು ಗಬಕ್ಕನೆ ತೆರೆದರೆ, ಅಥವಾ ಬರ್ನರ್ ನಾಬ್ ಮೊದಲೇ ತೆರೆದಿದ್ದರೆ, ಗ್ಯಾಸ್ ಒಮ್ಮೆಲೇ ನುಗ್ಗುತ್ತದೆ. ಪೈಪ್ ಒಡೆದಿದೆ ಅಂದುಕೊಂಡು ಒಳಗಿನ ಸುರಕ್ಷತಾ ವಾಲ್ವ್ ಗ್ಯಾಸನ್ನು ಬಹುಪಾಲು ತಡೆದುಬಿಡುತ್ತದೆ. ಕೆಟ್ಟಿಲ್ಲ, ಅದರ ಕೆಲಸ ಅದು ಮಾಡಿದೆ ಅಷ್ಟೇ. ಎಲ್ಲ ನಾಬ್ ಮುಚ್ಚಿ, ಸಿಲಿಂಡರ್ ಮುಚ್ಚಿ, ರೆಗ್ಯುಲೇಟರ್ ಬಿಚ್ಚಿ. ಒಂದೆರಡು ನಿಮಿಷ ಬಿಟ್ಟು ಮತ್ತೆ ಜೋಡಿಸಿ. ನಾಬ್‌ಗಳು ಮುಚ್ಚಿರುವಾಗಲೇ ವಾಲ್ವನ್ನು ನಿಧಾನವಾಗಿ ತೆರೆದು, ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಗ್ಯಾಸ್ ಸೋರುತ್ತಿದೆ ಅಂತ, ಬೆಂಕಿ ಹಚ್ಚಬೇಡಿ.

ಬೆಂಕಿ ಹಚ್ಚುವಾಗ ಮುಚ್ಚಳ ತೆರೆದಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೇ ತಂಗುತ್ತದೆ. ಹತ್ತಿಕೊಳ್ಳದಿದ್ದರೆ ನಾಬ್ ಮುಚ್ಚಿ ಐದು ನಿಮಿಷ ಬಿಡಿ. ಕಟಕಟ ಅಂತ ಒತ್ತುತ್ತಲೇ ಇರುವವರನ್ನು ಕಂಡರೆ ನನಗೆ ಭಯ.

ಬಿಸಿಬಿಸಿ:
ನಿಮ್ಮ ಅನುಮಾನ ಸರಿ, ಉರಿ ಬಂತು! ಆದರೆ ಎಡಗಡೆ ಬರ್ನರ್ ಮಾತ್ರ ಹಳದಿಯಾಗಿ ತೂರಾಡುತ್ತಿದೆ.

ಮಸಿಅರಿವೆ:
ಜೇಡ ನೋಡಿ. ತಮಾಷೆಯಲ್ಲ. ಬರ್ನರ್‌ಗೆ ಗಾಳಿ ಸೇರುವ ಕೊಳವೆಯೊಳಗೆ ಬಲೆ ಕಟ್ಟಿದರೆ ಗಾಳಿ ಸಾಲದೆ ಉರಿ ಹಳದಿಯಾಗುತ್ತದೆ. ಪೂರ್ತಿ ಕಟ್ಟಿಕೊಂಡರೆ ಬೆಂಕಿ ಹಿಂದಕ್ಕೆ, ನಾಬ್‌ಗಳ ಕಡೆಗೇ ಬರಬಹುದು. ಸಿಲಿಂಡರ್ ಮುಚ್ಚಿ, ಗ್ರಿಲ್ ಆರಿದ ಮೇಲೆ ಬರ್ನರ್ ತೆಗೆದು ಸಣ್ಣ ಬ್ರಷ್ ಆಡಿಸಿ. ಹಾಗೇ ಜಿಡ್ಡಿನ ತಟ್ಟೆಯನ್ನೂ ತೊಳೆದುಬಿಡಿ. ಜಿಡ್ಡಿಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಕೈಗೆಟಕಿದರೆ ಗ್ಯಾಸ್ ನಿಲ್ಲಿಸಿ ಮುಚ್ಚಳ ಹಾಕಬೇಕು.

ಬಿಸಿಬಿಸಿ:
ಬಲೆ ಇತ್ತು, ತೆಗೆದೆ. ಮತ್ತೆ ಜೋಡಿಸಿ ಸೋಪಿನ ನೀರು ಹಚ್ಚಿದರೆ ಈ ಸಲ ರಬ್ಬರ್ ಪೈಪಿನ ನಡುವೆ ಸಣ್ಣ ಗುಳ್ಳೆ. ಟೇಪ್ ಸುತ್ತಿದರೆ ಸಾಕಲ್ವಾ?

ಕೆಂಡದುಂಡೆ:
ಸಾಲದು. ಸಿಲಿಂಡರ್ ಈಗಲೇ ಮುಚ್ಚಿ. ಪೈಪ್ ಹೊಸದೇ ಹಾಕಿ, ಮತ್ತೆ ಸೋಪಿನ ನೀರು ಹಚ್ಚಿ ನೋಡಿ. ಅಲ್ಲಿಯವರೆಗೆ ಅಡುಗೆ ಒಳಗಿನ ಒಲೆಯಲ್ಲೇ ಆಗಲಿ.