ಎಡಿಎಚ್‌ಡಿ ಮಾತ್ರೆ ತಗೊಂಡ ದಿನ ಓಡುವಾಗ ಬಿಸಿಲೇ ತಟ್ಟಲ್ಲ, ಯಾಕೆ?

ಉದ್ದದಾರಿ:
ನಾನು ಎಡಿಎಚ್‌ಡಿಗೆ (ಗಮನ ಒಂದೆಡೆ ನಿಲ್ಲದ ತೊಂದರೆ) ಮೀಥೈಲ್‌ಫೆನಿಡೇಟ್ ಅನ್ನುವ ಮಾತ್ರೆ ತಗೊಳ್ಳುತ್ತೇನೆ. ಹಾಫ್ ಮ್ಯಾರಥಾನ್‌ಗೆ ತಯಾರಿ ನಡೆದಿದೆ. ಬೆಳಗ್ಗೆ ಬಿಡುವಿಲ್ಲ, ಹಾಗಾಗಿ ಓಟ ಮಧ್ಯಾಹ್ನಕ್ಕೆ ಬೀಳುತ್ತದೆ. ಮಾತ್ರೆ ಜೋರಾಗಿ ಕೆಲಸ ಮಾಡುವುದೂ ಅದೇ ಹೊತ್ತಿಗೆ. ಮಾತ್ರೆ ತಗೊಂಡ ದಿನ ಬಿಸಿಲು ಅಷ್ಟಾಗಿ ತಟ್ಟುವುದೇ ಇಲ್ಲ, ಸುಸ್ತೂ ಕಮ್ಮಿ. ಆದರೆ ವಾಚು ನೋಡಿದರೆ ಅದೇ ವೇಗಕ್ಕೆ ಎದೆಬಡಿತ ಜಾಸ್ತಿ. ನಿಂತ ಮೇಲೂ ತುಂಬಾ ಹೊತ್ತು ಮುಖ ಕಾದಿರುತ್ತದೆ, ತಲೆ ಸಿಡಿಯುತ್ತದೆ. ಇದು ಮಾತ್ರೆಯಿಂದಲೋ, ಸುಮ್ನೆ ನನ್ನ ಭ್ರಮೆಯೋ? ಮಾತ್ರೆಯಿಂದ ನನ್ನ ದಿನಗಳು ಒಂದು ಹಳಿಗೆ ಬಂದಿವೆ, ಅದನ್ನು ಬಿಡಲಾರೆ. ಓಟ ಬಿಡಲೂ ಮನಸ್ಸಿಲ್ಲ.

ಡೇರೆಯವಳು:
ಭ್ರಮೆ ಅಲ್ಲ. ನಾನು ಓಟದ ಸ್ಪರ್ಧೆಗಳಲ್ಲಿ ವೈದ್ಯಕೀಯ ಡೇರೆಯಲ್ಲಿ ಕೆಲಸ ಮಾಡುತ್ತೇನೆ. ಈ ಪ್ರಶ್ನೆಯನ್ನು ಇನ್ನಷ್ಟು ಜನ ಕೇಳಲಿ ಅನ್ನುವುದು ನನ್ನ ಆಸೆ.

ಓಡುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಬರೀ ಶಾಖವಾಗುತ್ತದೆ. ಅದು ಹೊರಗೆ ಹೋಗಬೇಕಾದರೆ ಚರ್ಮಕ್ಕೆ ರಕ್ತ ಹರಿಯಬೇಕು, ಬೆವರು ಆರಬೇಕು. ನಿಮ್ಮ ಮಾತ್ರೆ ನರಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್, ನಾರ್‌ಅಡ್ರಿನಲಿನ್ ಅನ್ನುವ ಎರಡು ರಾಸಾಯನಿಕಗಳನ್ನೂ ಹೆಚ್ಚಿಸುತ್ತದೆ. ನಾರ್‌ಅಡ್ರಿನಲಿನ್ ಎದೆಬಡಿತ ಏರಿಸುತ್ತದೆ, ಚರ್ಮದ ರಕ್ತನಾಳಗಳನ್ನು ಬಿಗಿ ಮಾಡಬಲ್ಲದು. ಆದರೂ ನನಗೆ ಹೆಚ್ಚು ಭಯ ಡೋಪಮೈನ್ ಮಾಡುವ ಕೆಲಸದ್ದು. ಮೈ ಕಾಯುತ್ತಾ ಬಂದಂತೆ ‘ಸಾಕು, ನಿಧಾನ ಮಾಡು’ ಅಂತ ಒಳಗಿನಿಂದಲೇ ಅನಿಸುತ್ತದಲ್ಲ, ಅದು ಅಡಗಿಹೋಗುತ್ತದೆ.

2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪಳಗಿದ ಸೈಕಲ್ ಸವಾರರಿಗೆ ಇದೇ ಔಷಧ 20 ಮಿಲಿಗ್ರಾಂ ಕೊಟ್ಟರು. 18 ಡಿಗ್ರಿ ಸೆಲ್ಸಿಯಸ್ ಕೋಣೆಯಲ್ಲಿ ಏನೂ ಲಾಭ ಆಗಲಿಲ್ಲ. 30 ಡಿಗ್ರಿಯಲ್ಲಿ ಮಾತ್ರ ಸುಮಾರು ಶೇಕಡಾ 16ರಷ್ಟು ಬೇಗ ಮುಗಿಸಿದರು. ಮೈಯೊಳಗಿನ ತಾಪವೂ ಜಾಸ್ತಿ ಏರಿತ್ತು. ಎಷ್ಟು ಕಷ್ಟವಾಯಿತು ಅಂತ ಕೇಳಿದರೆ ಮಾತ್ರೆ ಇದ್ದ ದಿನವೂ, ಇಲ್ಲದ ದಿನವೂ ಹೆಚ್ಚುಕಮ್ಮಿ ಅದೇ ಉತ್ತರ! ನಿಮಗೆ ಆಗುತ್ತಿರುವುದೂ ಇದೇ ಅಲ್ವಾ?

ಇದೇ ಗುಂಪಿನ ಇನ್ನೊಂದು ಔಷಧ ಆಂಫೆಟಮಿನ್ ಇನ್ನೂ ಜೋರು. 1967ರ ಜುಲೈ 13ರಂದು ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ ಬ್ರಿಟನ್ನಿನ ಸವಾರ ಟಾಮ್ ಸಿಂಪ್ಸನ್ ಸುಡುಬಿಸಿಲಲ್ಲಿ ಮಾಂ ವಾಂತೂ ಬೆಟ್ಟ ಹತ್ತುತ್ತಾ ಬಿದ್ದರು. ಮತ್ತೆ ಸೈಕಲ್ ಏರಿದರು, ಸ್ವಲ್ಪ ದೂರದಲ್ಲೇ ಕುಸಿದು ತೀರಿಕೊಂಡರು. ರಕ್ತದಲ್ಲಿ ಆಂಫೆಟಮಿನ್ ಮತ್ತು ಮದ್ಯ ಸಿಕ್ಕಿತ್ತು. ನಿಮ್ಮದು ವೈದ್ಯರು ಬರೆದುಕೊಟ್ಟ ಡೋಸ್, ಅದಕ್ಕೂ ಇದಕ್ಕೂ ಹೋಲಿಕೆ ಬೇಡ. ಆದರೆ ನಿಲ್ಲಬೇಕಾದ ಜಾಗದಲ್ಲಿ ನಿಲ್ಲಬೇಕು ಅನಿಸದೇ ಇರುವುದು ಎರಡರಲ್ಲೂ ಇದೆ.

ಹಾಗಾಗಿ ಬಿಸಿಲಲ್ಲಿ ‘ಹೇಗನಿಸುತ್ತಿದೆ’ ಅನ್ನುವುದನ್ನು ನಂಬಬೇಡಿ. ಎದೆಬಡಿತಕ್ಕೆ ಒಂದು ಮಿತಿ ಇಟ್ಟುಕೊಳ್ಳಿ. ಅದು ದಾಟಿದರೆ, ಎಷ್ಟೇ ಹುರುಪಿದ್ದರೂ ನಡೆಯಿರಿ. ಮಾತ್ರೆಯ ಪ್ರಭಾವ ಇಳಿದ ಮೇಲೆ ಸಂಜೆ ಓಡಲು ಆಗುತ್ತಾ ನೋಡಿ. ಹೊತ್ತು ಬದಲಿಸಬೇಕಾದರೆ ನಿಮ್ಮ ವೈದ್ಯರನ್ನು ಕೇಳಿ, ನೀವೇ ಡೋಸ್ ಬಿಡಬೇಡಿ. ತಲೆಸಿಡಿತದ ವಿಷಯವನ್ನೂ ಅವರಿಗೆ ಹೇಳಲೇಬೇಕು. ಸ್ಪರ್ಧೆಯಲ್ಲಿ ಉದ್ದೀಪನ ಮದ್ದಿನ ಪರೀಕ್ಷೆ ಇದ್ದರೆ ಈ ಔಷಧ ನಿಷೇಧಿತ ಪಟ್ಟಿಯಲ್ಲಿದೆ. ಮೊದಲೇ ಅನುಮತಿ ತಗೊಳ್ಳಿ.

ನಿಧಾನಓಟ:
ಕಾಫಿಗೂ ಇದೇ ಮಾತಾ? ಜಿಮ್‌ನವರು ಕುಡಿಯುವ ಪ್ರೀ-ವರ್ಕೌಟ್ ಪುಡಿಗೆ?

ಡೇರೆಯವಳು:
ಕಾಫಿ ಮಿತವಾಗಿದ್ದರೆ ಅಷ್ಟು ಚಿಂತೆ ಬೇಡ. ಮೈಯ ತಾಪ ಅದರಿಂದ ಏರಿದರೂ ತೀರಾ ಸ್ವಲ್ಪ. ಪುಡಿಗಳ ವಿಷಯ ಬೇರೆ. ಕೆಲವದರಲ್ಲಿ ಏನೇನು ಸೇರಿದೆ ಅಂತ ಡಬ್ಬದ ಮೇಲೂ ಪೂರ್ತಿ ಇರುವುದಿಲ್ಲ. 2003ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ ತರಬೇತಿ ವೇಳೆ ಹೀಟ್ ಸ್ಟ್ರೋಕ್‌ನಿಂದ ಸತ್ತರು. ಅವರು ಎಫೆಡ್ರ ಅನ್ನುವ ಉತ್ತೇಜಕ ಗಿಡಮೂಲಿಕೆ ಇರುವ ಮಾತ್ರೆ ತಗೊಳ್ಳುತ್ತಿದ್ದರು. ಮರುವರ್ಷ ಅಲ್ಲಿ ಎಫೆಡ್ರ ಪೂರಕಗಳನ್ನು ನಿಷೇಧಿಸಿದರು.

ಉದ್ದದಾರಿ:
ತುಂಬಾ ಧನ್ಯವಾದ. ಸಂಜೆಗೆ ಬದಲಿಸುತ್ತೇನೆ, ವೈದ್ಯರ ಹತ್ತಿರವೂ ಮಾತಾಡುತ್ತೇನೆ. ನನಗೇ ಗೊತ್ತಾಗಲ್ಲ ಅಂದಮೇಲೆ ಜೊತೆಗೆ ಓಡುವವರು ಏನು ಗಮನಿಸಬೇಕು?

ಡೇರೆಯವಳು:
ಮಾತು ಮತ್ತು ನಡಿಗೆ. ಒಬ್ಬ ಹುಡುಗ ಡೇರೆಯೊಳಗೆ ನಿಂತು ‘ನನಗೇನೂ ಆಗಿಲ್ಲ’ ಅಂತ ರೇಗುತ್ತಿದ್ದ. ಶೂ ಬಿಚ್ಚು ಅಂದರೆ ಲೇಸಿನ ತುದಿ ಬೆರಳಿಗೆ ಸಿಗುತ್ತಿರಲಿಲ್ಲ, ಬರೀ ಗಾಳಿಯನ್ನು ಎಳೆಯುತ್ತಿದ್ದ. ಮೈಯಿಂದ ಬೆವರು ಧಾರಾಕಾರ ಇಳಿಯುತ್ತಿತ್ತು. ಹೀಟ್ ಸ್ಟ್ರೋಕ್ ಆದರೆ ಬೆವರು ನಿಂತೇ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ, ಓಡುವವರಲ್ಲಿ ಅದು ನಿಜವಲ್ಲ. ಮೈಯೊಳಗಿನ ತಾಪ 40 ಡಿಗ್ರಿ ದಾಟಿ, ಜೊತೆಗೆ ಹೀಗೆ ಬುದ್ಧಿ ಮಂಕಾದರೆ ಅದು ಹೀಟ್ ಸ್ಟ್ರೋಕೇ. ಕಂಕುಳ ಥರ್ಮಾಮೀಟರ್ ಆಗ ಕಮ್ಮಿ ತೋರಿಸಿ ಮೋಸ ಮಾಡುತ್ತದೆ.

ಆಂಬುಲೆನ್ಸ್‌ಗೆ ಫೋನ್ ಮಾಡಿ, ಆದರೆ ಬರಲಿ ಅಂತ ಕಾಯುತ್ತಾ ಕೂರಬೇಡಿ. ಕುತ್ತಿಗೆವರೆಗೆ ಐಸ್ ನೀರಲ್ಲಿ ಕೂರಿಸಿ, ತಲೆ ಮುಳುಗದಂತೆ ಹಿಡಿದುಕೊಳ್ಳಿ. ತೊಟ್ಟಿ ಇಲ್ಲದಿದ್ದರೆ ತಣ್ಣೀರು ಸುರಿಯುತ್ತಲೇ ಇರಿ, ಜೋರಾಗಿ ಗಾಳಿ ಬೀಸಿ. ಮೊದಲ ಅರ್ಧ ಗಂಟೆಯಲ್ಲೇ ತಾಪ ಇಳಿಯಬೇಕು. ಪ್ಯಾರಾಸಿಟಮಾಲ್ ಕೊಡಬೇಡಿ. ಇದು ಜ್ವರ ಅಲ್ಲ, ಅದರಿಂದ ಇಳಿಯುವುದಿಲ್ಲ.