ಪದ ಬೇಕು: ‘ಕಮ್ಯುನಿಟಿ ಮೆಂಟಲ್ ಹೆಲ್ತ್ ನರ್ಸಿಂಗ್’ – ಹಳ್ಳಿ ಬೋರ್ಡಿಗೆ, ಶುಕ್ರವಾರದೊಳಗೆ

ಎಲ್ಲರಿಗೂ ನಮಸ್ಕಾರ.

ಅರ್ಜೆಂಟಾಗಿ ಪದ ಬೇಕು. ಬೋರ್ಡ್ ಬರೆಯುವವರು ಶುಕ್ರವಾರ ಬೆಳಗ್ಗೆ ಬರುತ್ತಾರೆ.

ನಮ್ಮ ಬಿಎಸ್ಸಿ ನರ್ಸಿಂಗ್ ಆರನೇ ಸೆಮಿಸ್ಟರಿನ ಮಕ್ಕಳನ್ನು ಮೆಂಟಲ್ ಹೆಲ್ತ್ ಪೋಸ್ಟಿಂಗಿಗೆ ಮಂಡ್ಯ ಪಕ್ಕದ ಹಳ್ಳಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಬೆಳಗ್ಗೆ ಮನೆ ಭೇಟಿ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಮಾತ್ರೆ ಬಿಟ್ಟಿದ್ದಾರಾ, ನೋಡಿಕೊಳ್ಳುವವರಿಗೆ ಸಾಕಾಗಿ ಹೋಗಿದೆಯಾ, ಇಷ್ಟು ಕೇಳಿ ಬರೆದುಕೊಳ್ಳಬೇಕು. ಮಧ್ಯಾಹ್ನ ಶಾಲೆ ಜಗಲಿಯಲ್ಲಿ ಕೂತು ಬಂದವರ ಜೊತೆ ಮಾತು. ಆ ಜಗಲಿಗೆ ಹಾಕುವ ಬೋರ್ಡ್ ಇದು. ನಾನು ಬರೆದಿಟ್ಟಿರುವುದು ‘ಸಮುದಾಯ ಮಾನಸಿಕ ಆರೋಗ್ಯ ಶುಶ್ರೂಷಾ ಶಿಬಿರ’. ಓದಿದರೆ ನನಗೇ ಉಸಿರು ಕಟ್ಟುತ್ತೆ.

ಇನ್ನೊಂದು. ಇದೇ ಸೆಮಿಸ್ಟರಿನಲ್ಲಿ ಅವರಿಗೆ ಮ್ಯಾನೇಜ್‌ಮೆಂಟ್ ಮತ್ತು ಲೀಡರ್‌ಶಿಪ್ ಪೇಪರೂ ಇದೆ. ಅದಕ್ಕೆ ದಿನಕ್ಕೊಬ್ಬರು ಟೀಮ್ ಲೀಡರ್. ಯಾರು ಯಾವ ಬೀದಿಗೆ ಅಂತ ಹಂಚಬೇಕು, ಸಂಜೆ ಎಲ್ಲರ ವರದಿ ಕೇಳಿ ಪಿಎಚ್‌ಸಿ ಸಿಸ್ಟರಿಗೆ ಒಪ್ಪಿಸಬೇಕು. ಬ್ಯಾಡ್ಜಿಗೆ ‘ತಂಡದ ನಾಯಕಿ’ ಅಂತ ಬರೆದೆ. ‘ಹೀರೋ ಯಾರು ಮೇಡಂ’ ಅಂತ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಗಂಡು ಹುಡುಗರೂ ಇದ್ದಾರೆ, ಇಬ್ಬರಿಗೂ ಹೊಂದುವ ಪದ ಕೊಡಿ.

– ನರ್ಸಿಂಗ್ ಬೋಧಕಿ, ಮಂಡ್ಯ

* * *

ಶುಶ್ರೂಷೆ ಇರಲಿ. ಅದನ್ನು ಮುಟ್ಟಬೇಡಿ.

‘ಶ್ರು’ ಅಂದರೆ ಕೇಳು. ಶುಶ್ರೂಷಾ ಅಂದರೆ ಕೇಳಬೇಕೆಂಬ ಆಸೆ. ಗುರುವಿನ ಮಾತು ಕೇಳುವುದರಿಂದ ಸೇವೆ, ಸೇವೆಯಿಂದ ರೋಗಿಯ ಉಪಚಾರ, ಹೀಗೆ ಅರ್ಥ ಬೆಳೆಯಿತು. ಮನಸ್ಸಿನ ಕಾಯಿಲೆಯವರ ಹತ್ತಿರ ನರ್ಸ್ ಮಾಡುವ ಮೊದಲ ಕೆಲಸ ಕೇಳುವುದೇ ಅಲ್ವಾ? ಬೇರೆ ಯಾವ ಪದ ತಂದರೂ ಇಷ್ಟು ಸರಿಯಾಗಿ ಕೂರುವುದಿಲ್ಲ. ಆದರೆ ಪೇಂಟರಿಗೆ ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ‘ಸುಶ್ರೂಶೆ’, ‘ಶುಶೃಷೆ’ ಅಂತೆಲ್ಲ ನೋಡಿ ನೋಡಿ ನನ್ನ ಕಣ್ಣಿಗೇ ಶುಶ್ರೂಷೆ ಬೇಕಾಗಿದೆ.

‘ದಾದಿ’ ಅಂತ ಯಾರಾದರೂ ಬರುವ ಮೊದಲೇ ಹೇಳಿಬಿಡುತ್ತೇನೆ. ಅದು ‘ಧಾತ್ರಿ’ಯ ತದ್ಭವ, ಹಾಲೂಡಿಸುವವಳು. ಹುಡುಗರ ಬ್ಯಾಡ್ಜಿಗೆ ಬರುವುದಿಲ್ಲ.

– ನಿವೃತ್ತ ಕನ್ನಡ ಅಧ್ಯಾಪಕ, ಸರಸ್ವತಿಪುರಂ

* * *

> ಬೇರೆ ಯಾವ ಪದ ತಂದರೂ ಇಷ್ಟು ಸರಿಯಾಗಿ ಕೂರುವುದಿಲ್ಲ

ಬರೆಯೋಕೇ ಬರದ ಪದ ಕೂತರೆಷ್ಟು, ನಿಂತರೆಷ್ಟು.

‘ಆರೈಕೆ’ ಇದೆಯಲ್ಲ. ಹಳಗನ್ನಡದ ‘ಆರಯ್’: ಹುಡುಕಿ ನೋಡು, ವಿಚಾರಿಸು, ನೋಡಿಕೊಳ್ಳು. ನೀವು ಹೇಳುವ ಕೇಳುವುದೂ ಅದರೊಳಗೇ ಬಂತು. ಬಾಣಂತಿ ಆರೈಕೆ ಅಂದರೆ ಯಾವ ಅಜ್ಜಿಗೂ ಬಿಡಿಸಿ ಹೇಳಬೇಕಿಲ್ಲ. ಬೋರ್ಡಿಗೆ ‘ಊರ ಬಗೆಯೊಳಿತಿನ ಆರೈಕೆ’ ಅಂತ ಹಾಕಿ. ಬಗೆ ಅಂದರೆ ಮನಸ್ಸು, ಹಳಗನ್ನಡ ಓದಿದವರಿಗೆ ಗೊತ್ತು. ಲೀಡರಿಗೆ ‘ಮೇಟಿ’. ಕಣದ ನಡುವೆ ನೆಟ್ಟ ಕಂಬವೂ ಮೇಟಿ, ಊರಿಗೆ ದೊಡ್ಡವನೂ ಮೇಟಿ. ಹೆಣ್ಣು ಗಂಡು ಅನ್ನುವ ತಕರಾರೂ ಇಲ್ಲ.

– ವಿಜಯನಗರ, ಮೈಸೂರು

* * *

ಹಳಗನ್ನಡ ಓದಿದವರು ಆ ಜಗಲಿಗೆ ಬರುತ್ತಾರಾ? ‘ಬಗೆಯೊಳಿತು’ ನೋಡಿ ಬಗೆಬಗೆಯ ತಿಂಡಿ ಮಾರುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಮೇಟಿಗೆ ಎತ್ತು ಕಟ್ಟುತ್ತಾರೆ, ಆ ಹುಡುಗಿಗೆ ಏನು ಕಟ್ಟುತ್ತೀರಿ? ಅಂದ ಹಾಗೆ ನಿಮ್ಮ ‘ತಕರಾರು’ ಅರಬ್ಬಿ.

– ಸರಸ್ವತಿಪುರಂ

* * *

ಇರಲಿ ಬಿಡಿ. ಬಾಯಲ್ಲಿ ಸವೆದದ್ದೆಲ್ಲ ನಮ್ಮದೇ. ಆಸ್ಪತ್ರೆ ಹೊರಗಿಂದ ಬಂತು, ಸೂಜಿ ಸಂಸ್ಕೃತದ ‘ಸೂಚಿ’, ಬೇನೆ ‘ವೇದನೆ’. ಇವನ್ನು ಯಾರು ಬೇಡ ಅಂದರು? ಜನರ ಬಾಯಿಗೆ ಬಂದು, ಸವೆದು, ಉಳಿದವು. ಶುಶ್ರೂಷೆ ಯಾವತ್ತು ಸವೆಯಿತು? ಅದು ಆರ್ಡರ್ ಕಾಪಿಯಿಂದ ಕೆಳಗೆ ಇಳಿದೇ ಇಲ್ಲ. ಎರವಲು ತಪ್ಪಲ್ಲ, ಎರವಲು ತಂದು ಬೀರುವಿನಲ್ಲಿಟ್ಟು ಬೀಗ ಹಾಕುವುದು ತಪ್ಪು.

– ವಿಜಯನಗರ

* * *

ವಾರ್ಡಿನಲ್ಲಿ ನಾವು ‘ಇನ್‌ಚಾರ್ಜ್’ ಅಂತೀವಿ. ರೋಗಿ ಕಡೆಯವರೂ ‘ಇನ್‌ಚಾರ್ಜ್ ಸಿಸ್ಟರ್ ಎಲ್ಲಿ’ ಅಂತಲೇ ಕೇಳುತ್ತಾರೆ. ಇದರಲ್ಲಿ ಏನು ಕಷ್ಟ ಅಂತ ಅರ್ಥ ಆಗಲಿಲ್ಲ.

– ಶುಶ್ರೂಷಾಧಿಕಾರಿ, ಮೈಸೂರು (ಹೌದು, ಐಡಿ ಕಾರ್ಡಿನಲ್ಲಿ ಹಾಗೇ ಇದೆ. ಕರೆಯುವುದು ಮಾತ್ರ ನರ್ಸಮ್ಮ)

* * *

ನಾನು ಪಾಂಡವಪುರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಹಿರಿಯರ ಮಾತಿನ ಮಧ್ಯೆ ಬಾಯಿ ಹಾಕಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಇಬ್ಬರೂ ನಾಲ್ಕನೇ ಪದ ‘ಶುಶ್ರೂಷಾ’ ಹಿಡಿದು ಎಳೆದಾಡುತ್ತಿದ್ದೀರಿ. ತೊಂದರೆ ಇರುವುದು ಮೊದಲ ಎರಡರಲ್ಲಿ.

ಸಮುದಾಯ ಅಂದರೆ ನಮ್ಮ ಕಡೆ ಈಗ ಜಾತಿ. ಜಾತಿ ಅನ್ನಲು ಹಿಂಜರಿದು ಪೇಪರಿನವರು, ರಾಜಕೀಯದವರು ಸಮುದಾಯ ಅಂತ ಹೇಳಿ ಹೇಳಿ ಹೀಗಾಗಿದೆ. ‘ನಮ್ಮ ಸಮುದಾಯಕ್ಕೆ ಟಿಕೆಟ್ ಕೊಡಿ’ ಅಂದರೆ ಇನ್ನೇನು? ಸಮುದಾಯ ಭವನ ಅಂದ ಕೂಡಲೇ ಯಾರದ್ದು ಅನ್ನುವುದೇ ಮುಂದಿನ ಪ್ರಶ್ನೆ. ನನ್ನ ಹುದ್ದೆ ಹೆಸರು ಕೇಳಿ ಒಬ್ಬ ಅಜ್ಜಿ ‘ಯಾವ ಸಮುದಾಯಕ್ಕೆ ಆಫೀಸರ್ರವ್ವಾ ನೀನು’ ಅಂದಿದ್ದರು. ಸಮುದಾಯ ಆರೋಗ್ಯ ಕೇಂದ್ರ ಅಂತ ಸರ್ಕಾರದ ಬೋರ್ಡಿದೆಯಲ್ಲ ಅನ್ನಬೇಡಿ. ಆ ಬೋರ್ಡನ್ನು ಯಾರೂ ಓದುವುದಿಲ್ಲ. ಅದು ದೊಡ್ಡಾಸ್ಪತ್ರೆ, ಅಷ್ಟೇ.

ಇನ್ನು ‘ಮಾನಸಿಕ’. 1912ರ ಕಾಯ್ದೆ ಹೆಸರಲ್ಲಿ ‘ಲೂನಸಿ’, ಅಂದರೆ ಹುಚ್ಚು, ಅಂತ ಇತ್ತು. 1987ರಲ್ಲಿ ‘ಮೆಂಟಲ್ ಹೆಲ್ತ್’ ಆಯಿತು, 2017ರಲ್ಲಿ ‘ಮೆಂಟಲ್ ಹೆಲ್ತ್‌ಕೇರ್’. ಕಾಗದದಲ್ಲಿ ಮೆತ್ತಗಾಗುತ್ತಾ ಬಂತು, ಬೀದಿಯಲ್ಲಿ ‘ಮೆಂಟಲ್’ ಬೈಗುಳವಾಯಿತು. ಬೆಂಗಳೂರಿನ ಹಳೇ ಮೆಂಟಲ್ ಆಸ್ಪತ್ರೆ 1974ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಜೊತೆ ಸೇರಿ ನಿಮ್ಹಾನ್ಸ್ ಆಯಿತು. ಈಗ ‘ಇವನನ್ನ ನಿಮ್ಹಾನ್ಸಿಗೆ ಸೇರಿಸಬೇಕು’ ಅನ್ನುವುದೂ ಬೈಗುಳವೇ. ನಾಳೆ ನಿಮ್ಮ ‘ಬಗೆಯೊಳಿತು’ ಬಂದರೆ ಅದಕ್ಕೂ ಇದೇ ಗತಿ ಸಾರ್.

ನಮ್ಮ ಹತ್ತಿರ ಬರುವವರು ಮಾನಸಿಕ ಅಂತ ಹೇಳಿಕೊಂಡು ಬರಲ್ಲ. ‘ನಿದ್ದೆ ಹತ್ತಲ್ಲ’, ‘ಎದೆ ಡವಡವ ಅಂತದೆ’, ‘ಕೈಕಾಲಲ್ಲಿ ಬಲ ಇಲ್ಲ’ ಅಂತ ಬರುತ್ತಾರೆ. ಈಚೆಗೆ ಒಬ್ಬರು ಬಿಪಿ ನೋಡಿಸಲು ಬಂದರು. ನೋಡಿದೆ, ಸರಿಯಾಗೇ ಇತ್ತು. ತೋಳಿನ ಪಟ್ಟಿ ಬಿಚ್ಚಿದ ಮೇಲೂ ಏಳಲಿಲ್ಲ, ಸೆರಗಿನ ತುದಿ ಸುತ್ತುತ್ತಾ ಕೂತರು. ‘ನಿದ್ದೆ ಹೆಂಗೆ ಬತ್ತದೆ ಅಕ್ಕ’ ಅಂದೆ. ಅಷ್ಟಕ್ಕೇ ಅಳು. ಮಗ ಮನೆ ಬಿಟ್ಟು ಹೋದ ವಿಷಯ ಆಮೇಲೆ ಬಂತು.

ಅದಕ್ಕೇ ಬೋರ್ಡಿನಲ್ಲಿ ‘ನಿದ್ದೆ’ ಅಂತ ದೊಡ್ಡದಾಗಿ ಬರೆಸಿ. ‘ಕುಡಿತ’ ಅಂತ ಬರೆದರೆ ಕುಡಿಯುವವನ ಹೆಂಡತಿಯೂ ಬರಲ್ಲ, ಊರೆಲ್ಲ ನೋಡುತ್ತೆ. ನಿದ್ದೆ ಕೆಟ್ಟಿದೆ ಅಂತ ಬರಲು ಯಾರಿಗೂ ನಾಚಿಕೆ ಇಲ್ಲ. ಜಗಲಿಗೆ ಬಂದು ಕೂತ ಮೇಲೆ ಉಳಿದದ್ದು ನಿಮ್ಮ ಮಕ್ಕಳ ಕೈಲಿದೆ. ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಮರೆಯಬೇಡಿ. ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳು ಬಸ್ಸು ಹತ್ತಿದ ಮೇಲೆ ಊರಿನವರಿಗೆ ಅದಾದರೂ ಇರಲಿ.

* * *

ಅನುಭವದ ಮಾತು, ಒಪ್ಪಿದೆ. ಆದರೆ ‘ಮಾನಸಿಕ ಆರೋಗ್ಯ’ವನ್ನು ಪೂರ್ತಿ ಬಿಡಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಿಂದ ಇದೇ ಹೆಸರಲ್ಲಿದೆ. ಅದಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ದಾಖಲೆಗಳಲ್ಲಿ ಹೊಸ ಹೆಸರು ಹಾಕಿದರೆ ರೋಗಿ ತಾಲ್ಲೂಕು ಆಸ್ಪತ್ರೆಗೆ ಹೋದಾಗ ಯಾವ ವಿಭಾಗ ಅಂತ ಅಲೆಯಬೇಕಾಗುತ್ತೆ.

ಲೀಡರಿಗೆ ‘ಮುಂದಾಳು’. ‘ಆಳ್’ ನಾಮಪದವಾದರೆ ಸೇವಕ, ಕ್ರಿಯಾಪದವಾದರೆ ಆಳುವುದು. ಲಿಂಗದ ಗೊಡವೆಯೂ ಇಲ್ಲ.

– ಸರಸ್ವತಿಪುರಂ

* * *

‘ದಾಖಲೆ’ ಕೂಡ ಅರಬ್ಬಿ. ಲೆಕ್ಕ ಚುಕ್ತಾ.

ಮುಂದಾಳು ಆಗಬಹುದು.

– ವಿಜಯನಗರ

* * *

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೇಂಟರ್ ಬಂದು ಹೋದರು. ಕೊಟ್ಟಿದ್ದು ಇದು:

‘ನಿದ್ದೆ ಬರ್ತಿಲ್ವಾ? ಬನ್ನಿ, ಕೂತು ಮಾತಾಡೋಣ.
ಮನೆ ಮನೆ ಆರೈಕೆ – ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿಗಳು
ಟೆಲಿ ಮನಸ್: 14416’

ಸಮುದಾಯ, ಶಿಬಿರ ಎರಡೂ ತೆಗೆದೆ. ರಿಜಿಸ್ಟರಿನಲ್ಲಿ, ಚೀಟಿಯಲ್ಲಿ ‘ಮಾನಸಿಕ ಆರೋಗ್ಯ’ ಹಾಗೇ ಇರುತ್ತೆ. ಮಕ್ಕಳ ಲಾಗ್ ಪುಸ್ತಕದಲ್ಲಿ ಶುಶ್ರೂಷೆಯೂ ಇದೆ ಸಾರ್, ಸರಿಯಾದ ಷ ಹಾಕಿಸಿದ್ದೇನೆ. ಬ್ಯಾಡ್ಜಿಗೆ ‘ಇವತ್ತಿನ ಮುಂದಾಳು’. ಇನ್‌ಚಾರ್ಜ್ ಚೆನ್ನಾಗೇ ಇತ್ತು ಸಿಸ್ಟರ್, ಆದರೆ ಹಳ್ಳಿಯಲ್ಲಿ ಕರೆಂಟ್ ಆಫೀಸಿನವರು ಅಂದುಕೊಂಡಾರು ಅಂತ ಬಿಟ್ಟೆ.

* * *

‘ವಿದ್ಯಾರ್ಥಿಗಳು’ ಬದಲು ‘ಕಲಿಯುವವರು’ ಹಾಕಬಹುದಿತ್ತು.

– ವಿಜಯನಗರ

* * *

ಬಣ್ಣ ಒಣಗಿದೆ, ಬಿಡಿ.

– ಸರಸ್ವತಿಪುರಂ